ಮಾನವಿಲ್ಲದ ಬೇನೆ

ಬೇನೆಗಳಲ್ಲಿಯೂ ಮಾನವುಳ್ಳವು, ಮಾನವಿಲ್ಲದವು ಎಂದು ಎರಡು ಜಾತಿಗಳಿವೆ. ಜಮಖಂಡಿಯ ಯಾವುದೋ ಓಣಿಯಲ್ಲಿ ಅಜ್ಜಿಯೊಬ್ಬಳು ಜಾರಿಬಿದ್ದು ಸೊಂಟದ ಕೀಲು ಮುರಿದುಕೊಂಡಳೆಂದರೆ, ಮುಧೋಳದ ಬೀಗರೂ ಬೀಳಗಿಯ ತವರಿನವರೂ ಬಸ್ಸು ಹತ್ತಿ ಬರುತ್ತಾರೆ. ಎಕ್ಸ್‌ರೇ ಚಿತ್ರವನ್ನು ಬೆಳಕಿಗೆ ಹಿಡಿದು ನೋಡುತ್ತಾರೆ; ಒಳಗೆ ಕೂಡಿಸಿದ ಲೋಹದ ಬೆಲೆ ಕೇಳಿ ಹುಬ್ಬೇರಿಸುತ್ತಾರೆ. ಅದೇ ಅಜ್ಜಿ ಐದು ದಿನಗಳಿಂದ ಶೌಚವಾಗದೆ ಹೊಟ್ಟೆ ಹಿಡಿದುಕೊಂಡು ಮಲಗಿರುವುದನ್ನು ಮಾತ್ರ ಯಾರೂ ಕೇಳುವುದಿಲ್ಲ, ಅವಳೂ ಹೇಳುವುದಿಲ್ಲ.

1962ರಲ್ಲಿ ಇಂಗ್ಲೆಂಡಿನ ಜಾನ್ ಚಾರ್ನ್‌ಲೇ ಎಂಬ ಶಸ್ತ್ರವೈದ್ಯನು ಲೋಹದ ಗುಂಡನ್ನು ಪ್ಲಾಸ್ಟಿಕ್ಕಿನ ಬಟ್ಟಲಿನಲ್ಲಿ ಕೂರಿಸಿ ಕೃತಕ ಕೀಲಿಗೆ ಒಂದು ನೆಲೆ ತಂದುಕೊಟ್ಟನು. ಇಂದು ಬಾಗಲಕೋಟೆ, ವಿಜಯಪುರ, ಬೆಳಗಾವಿಗಳಲ್ಲಿಯೇ ಅಂಥ ಚಿಕಿತ್ಸೆ ದೊರೆಯುತ್ತದೆ. ಹಲವರನ್ನು ಮರುದಿನವೇ ಎಬ್ಬಿಸಿ ನಿಲ್ಲಿಸುತ್ತಾರೆ. ಕಾಲು ನೆಲವನ್ನು ಮುಟ್ಟುತ್ತದೆ. ಕರುಳು ಮಾತ್ರ ಮುನಿಸಿಕೊಂಡು ಕೂರುತ್ತದೆ.

ಮುನಿಸಿಗೆ ಕಾರಣವಿದೆ. ಮಾರ್ಫಿನ್, ಟ್ರಮಡಾಲ್ ಮೊದಲಾದ ನೋವಿನ ಮದ್ದುಗಳು ಮಿದುಳನ್ನು ಸಂತೈಸುವಂತೆಯೇ ಕರುಳಿನ ನರಗಳನ್ನೂ ಮಲಗಿಸುತ್ತವೆ. ರಬಕವಿ-ಬನಹಟ್ಟಿಯ ಮಗ್ಗದಲ್ಲಿ ಲಾಳಿ ನಿಂತರೆ ಬಟ್ಟೆ ಮುಂದೆ ಸರಿಯದು, ಹಾಗೆಯೇ ಇದು. ಮಲ ನಿಂತಲ್ಲಿ ನಿಂತು ನೀರಾರಿ ಗಟ್ಟಿಯಾಗುತ್ತದೆ. ರಕ್ತ ಹೆಚ್ಚಲೆಂದು ಕೊಡುವ ಕಬ್ಬಿಣದ ಮಾತ್ರೆಯೂ ಇದಕ್ಕೆ ಕೂಡಿಕೊಳ್ಳುತ್ತದೆ. ಇನ್ನು ಮನೆಯವರ ಪಥ್ಯ! ಹುಟ್ಟಿದಾರಭ್ಯ ಜೋಳದ ರೊಟ್ಟಿ, ಸೊಪ್ಪಿನ ಪಲ್ಯ ಉಂಡ ಹೊಟ್ಟೆಗೆ ಈಗ ಬ್ರೆಡ್ಡು, ಚಹಾ, ಅನ್ನದ ಗಂಜಿ.

ಎಲ್ಲಕ್ಕಿಂತ ದೊಡ್ಡ ಕಾರಣ ಸಂಕೋಚ. "ಅತ್ತೀ, ಇನ್ನೊಂದ್ ಗುಟುಕು ನೀರ್ ಕುಡೀರಿ" ಎಂದು ಸೊಸೆ ಲೋಟ ಹಿಡಿಯುತ್ತಾಳೆ. "ಸಾಕವ್ವಾ, ನೀರಡಿಕಿಲ್ಲ" ಎನ್ನುತ್ತಾಳೆ ಅಜ್ಜಿ. ಬಾಯಾರಿಕೆ ಇದ್ದೇ ಇದೆ. ಆದರೆ ಕುಡಿದರೆ ಬೆಡ್‌ಪ್ಯಾನ್ ಕೇಳಬೇಕು. ಕೇಳಿದರೆ ಸೊಸೆ ಅದನ್ನು ಎತ್ತಬೇಕು. ನಲವತ್ತು ವರ್ಷ ಮನೆಯನ್ನು ಆಳಿದವಳಿಗೆ ಇದು ಎಲುಬು ಮುರಿದುದಕ್ಕಿಂತ ದೊಡ್ಡ ನೋವು. ಆದುದರಿಂದ ಅವಳು ನೀರನ್ನೂ ಅನ್ನವನ್ನೂ ಬಿಡುತ್ತಾಳೆ. ಉಣ್ಣದ ಮೈಗೆ ನಡೆಯುವ ಬಲ ಬಾರದು. ನಡೆಯದ ಮೈಗೆ ಕರುಳು ಓಡದು.

ಇದಕ್ಕೆ ಮದ್ದಿಲ್ಲವೆಂದಲ್ಲ; ತಡವಾಗಿ ನೆನಪಾಗುವುದೇ ತೊಂದರೆ. ನೋವಿನ ಮದ್ದು ಆರಂಭವಾದ ದಿನವೇ ಮಲಬದ್ಧತೆಯ ಮದ್ದಿನ ವಿಚಾರವನ್ನೂ ವೈದ್ಯರೊಡನೆ ಎತ್ತಬೇಕು. ಸೋನಾಮುಖಿ ಅಥವಾ ಬಿಸಾಕೋಡಿಲ್ ಮಾತ್ರೆಯನ್ನು ರಾತ್ರಿ ಕೊಟ್ಟರೆ ಸಾಮಾನ್ಯವಾಗಿ ಬೆಳಗಿನ ಹೊತ್ತಿಗೆ ಕರುಳನ್ನು ಎಚ್ಚರಿಸುತ್ತದೆ. ಲ್ಯಾಕ್ಟುಲೋಸ್ ಮಲವನ್ನು ಮೆದುಮಾಡಲು ಒಂದೆರಡು ದಿನ ಬೇಕು. ಮನೆಮನೆಯ ನೆಚ್ಚಿನ ಇಸಬಗೋಲ್ ಇಲ್ಲಿ ಅಷ್ಟು ಒಳ್ಳೆಯ ಗೆಳೆಯನಲ್ಲ: ನೀರು ಕುಡಿಯದೆ ಮಲಗಿದವರ ಹೊಟ್ಟೆಯಲ್ಲಿ ಅದು ಉಬ್ಬಿ ದಾರಿಯನ್ನೇ ಕಟ್ಟಬಹುದು. ಹಿರಿಯರು ನಂಬಿದ ಔಡಲೆಣ್ಣೆಯನ್ನೂ ಕೇಳದೆ ಕೊಡಬಾರದು. ಹೊಟ್ಟೆ ಉಬ್ಬಿ, ವಾಂತಿಯಾಗಿ, ವಾಯುವೂ ಸರಿಯದಿದ್ದರೆ ಭೇದಿಯ ಮದ್ದು ಕೊಡದೆ ಕೂಡಲೇ ವೈದ್ಯರನ್ನು ಕರೆಯಬೇಕು. ಕೆಲವೊಮ್ಮೆ ಗಟ್ಟಿ ಮಲದ ಪಕ್ಕದಿಂದ ನೀರು ಜಿನುಗುತ್ತದೆ. ಅದನ್ನು ಭೇದಿಯೆಂದು ತಿಳಿದು ಕಟ್ಟುವ ಮದ್ದು ಕೊಟ್ಟರೆ ಅನರ್ಥ.

ಇನ್ನೊಂದು ವಿಚಿತ್ರ. ಕುಕ್ಕರಗಾಲಿನಲ್ಲಿ ಕೂತರೆ ಹೊಟ್ಟೆ ಸಲೀಸೆಂಬುದು ಹಿರಿಯರ ಅನುಭವ, ನಿಜವೂ ಹೌದು. ಆದರೆ ಕೀಲು ಬದಲಿಸಿದವರಿಗೆ ಸಾಮಾನ್ಯವಾಗಿ ಅದೇ ನಿಷಿದ್ಧ. ಮೊಣಕಾಲು ಸೊಂಟಕ್ಕಿಂತ ಮೇಲೇರಿದರೆ ಹೊಸ ಕೀಲು ಜಾರುವ ಭಯವಿರುತ್ತದೆ. ಅಜ್ಜಿ ಆಸ್ಪತ್ರೆಯಿಂದ ಮನೆಗೆ ಬರುವ ಮೊದಲೇ ಎತ್ತರದ ಕಮೋಡು ಕುರ್ಚಿ ಬಂದಿರಬೇಕು. ಅದರ ಸುತ್ತ ಒಂದು ಪರದೆ, ಕೈಗೆಟುಕುವಲ್ಲಿ ಒಂದು ಗಂಟೆ. ಮಾನಕ್ಕೆ ಅಷ್ಟು ಸಾಕು.

ನೋಡಲು ಬಂದವರು ಬಿಸ್ಕೀಟಿನ ಪೊಟ್ಟಣದ ಬದಲು ನಾಲ್ಕು ಪೇರಲ ಹಣ್ಣು ತರಲಿ. ಮನೆಯವರು ಮಾತ್ರ ದಿನವೂ ಬೆಳಿಗ್ಗೆ, ಚಹಾ ಆಯಿತೇ ಎಂದು ಕೇಳುವಷ್ಟೇ ಸಹಜವಾಗಿ ಆ ಇನ್ನೊಂದು ಮಾತನ್ನೂ ಕೇಳಿಬಿಡಲಿ. ಅಜ್ಜಿ ಮೊದಲ ದಿನ ಮುಖ ತಿರುಗಿಸಿಯಾಳು. ಮೂರನೆಯ ದಿನ ತಾನಾಗಿಯೇ ನೀರಿನ ಲೋಟಕ್ಕೆ ಕೈ ಚಾಚಿಯಾಳು.