ಒಂದು ಮರಕ್ಕೆ ಹತ್ತು ಗಿಡ: ಲೆಕ್ಕ ಸರಿ ಇದೆಯಾ?

ಬೀದಿಮರ ಸರಣಿ | ಭಾಗ 4

"ಒಂದು ಮರ ಕಡಿದ್ರೆ ಹತ್ತು ಗಿಡ ನೆಡ್ತೀವಿ." ರಸ್ತೆ ಅಗಲ ಮಾಡುವಾಗ ಈ ಮಾತನ್ನ ನೀವೂ ಕೇಳಿರ್ತೀರಿ. ಕೇಳೋಕೆ ಲಾಭದ ವ್ಯಾಪಾರ ಅನ್ಸುತ್ತೆ ಅಲ್ವಾ? ಬನ್ನಿ, ಲೆಕ್ಕ ಹಾಕೋಣ.

ನಮ್ಮ ಪ್ರಾಜೆಕ್ಟಿಗೆ ಬೆಂಗಳೂರಿನ ಬೀದಿಮರಗಳ ಎರಡು ಅಳತೆ ತಗೋತೀವಿ. ಒಂದು, ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಅಂದ್ರೆ ಹೆಚ್ಚುಕಡಿಮೆ ಎದೆಮಟ್ಟದಲ್ಲಿ, ಕಾಂಡದ ಸುತ್ತಳತೆ. ಇನ್ನೊಂದು, ಕೊಂಬೆಗಳು ಎಷ್ಟು ಅಗಲ ಹರಡಿವೆ ಅನ್ನೋದು. ಒಂದು ಉದ್ದದ ಟೇಪು, ಇಬ್ಬರು ಸ್ನೇಹಿತರು ಇದ್ರೆ ಸಾಕು.

ಈಗ ನೋಡಿ. 10 ಮೀಟರ್ ಅಗಲ ಹರಡಿದ ಹೊಂಗೆ ಮರ ಸುಮಾರು 78 ಚದರ ಮೀಟರ್ ನೆಲಕ್ಕೆ ಚಪ್ಪರ ಹಾಕುತ್ತೆ. 1 ಮೀಟರ್ ಅಗಲದ ಗಿಡ? ಒಂದು ಚದರ ಮೀಟರೂ ಇಲ್ಲ. ಅಗಲ ಹತ್ತು ಪಟ್ಟಾದ್ರೆ ಚಪ್ಪರ ನೂರು ಪಟ್ಟು. ಹಾಗಾಗಿ ಹತ್ತೂ ಗಿಡ ಬದುಕಿದ್ರೂ ಇವತ್ತಿಗೆ ವಾಪಸ್ ಸಿಗೋದು ಹತ್ತನೇ ಒಂದು ಭಾಗ. ಅದೂ ಅದೇ ರಸ್ತೇಲಿ ನೆಟ್ರೆ!

ನೆರಳಿಗೆ ಅಷ್ಟೇನು ಬೆಲೆ ಅಂತೀರಾ? ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಬೆಂಗಳೂರಿನ ರಸ್ತೆಗಳಲ್ಲೇ ಅಳೆದು 2013ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಮರ ಇರೋ ಕಡೆ ಮಧ್ಯಾಹ್ನದ ಗಾಳಿ 5.6 ಡಿಗ್ರಿವರೆಗೆ ತಂಪು. ಡಾಂಬರಿನ ಮೇಲ್ಮೈಯಂತೂ 27.5 ಡಿಗ್ರಿವರೆಗೆ!

ನಾವು ಮಧ್ಯಾಹ್ನ ಅಳತೆಗೆ ಹೋದಾಗೆಲ್ಲ ದೊಡ್ಡ ಮರಗಳ ಕೆಳಗೆ ಯಾರಾದ್ರೂ ಇರ್ತಿದ್ರು. ಎಳನೀರಿನವರು, ಚಪ್ಪಲಿ ಹೊಲಿಯೋರು, ಆಟೋ ನಿಲ್ಸಿ ಡಬ್ಬಿ ಬಿಚ್ಚಿದ ಅಣ್ಣ. ಹೂ ಮಾರೋ ಅಜ್ಜಿ ಒಬ್ರು ನಮ್ಮ ಟೇಪ್ ನೋಡಿ ಗಾಬರಿಯಾಗಿ, "ಕಡಿಯೋಕೆ ಅಳೀತಿದ್ದೀರೇನಮ್ಮಾ? ಬಿಸಿಲಿಗೆ ಹೂ ಬಾಡಿದ್ರೆ ಸಂಜೆ ಯಾರು ತಗೋತಾರೆ?" ಅಂದ್ರು. ಹತ್ತು ಗಿಡ ಊರಾಚೆ ಚಿಗುರಿದ್ರೆ ಅಜ್ಜಿಯ ಬುಟ್ಟಿಗೆ ಏನು ಬಂತು?

ಗಿಡ ನೆಡಬೇಡಿ ಅಂತಲ್ಲ, ಖಂಡಿತ ನೆಡಿ. ಆದ್ರೆ ಅದು ಮುಂದಿನವರ ನೆರಳು. ಇವತ್ತಿನ ನೆರಳು ಬೇಕಂದ್ರೆ ಇರೋ ಮರ ಉಳೀಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಮರ ಕಡಿಯೋಕೆ ವೃಕ್ಷ ಅಧಿಕಾರಿಯ ಅನುಮತಿ ಬೇಕು. ನಿಮ್ಮ ಬೀದೀಲಿ ಗರಗಸದ ಸದ್ದು ಕೇಳಿದ್ರೆ "ಅನುಮತಿ ಪತ್ರ ತೋರಿಸಿ" ಅಂತ ಕೇಳಿ. ಕೇಳೋದು ತಪ್ಪಲ್ಲ.

ಈ ವಾರದ ಕೆಲಸ: ನಿಮ್ಮ ಬೀದಿಯ ಅತಿ ದೊಡ್ಡ ಮರದ ಅಗಲ ಅಳೆದು, ಮಧ್ಯಾಹ್ನ ಅದರ ಕೆಳಗೆ ಯಾರಿರ್ತಾರೆ ಅಂತ ಕಾಮೆಂಟಲ್ಲಿ ಬರೀರಿ. ಭಾಗ 5ರಲ್ಲಿ: ಬುಡಕ್ಕೆ ಸಿಮೆಂಟು ಬಳಿದ್ರೆ ಬೇರು ಏನು ಮಾಡುತ್ತೆ?

#ಬೀದಿಮರ #ನಮ್ಮಬೆಂಗಳೂರು #ಹೊಂಗೆನೆರಳು