ನೆಲದಿಂದ ಏಳುವ ಕಸುವು

ಹರೆಯದಲ್ಲಿ ಗರಡಿಯಲ್ಲಿ ಸಾಮು ಮಾಡಿದವರು, ಕಬಡ್ಡಿಯಲ್ಲಿ ಊರಿಗೆ ಹೆಸರು ತಂದವರು ಎಪ್ಪತ್ತರ ಹೊತ್ತಿಗೆ ನೆಲದಿಂದೇಳಲು ಗೋಡೆ ಹಿಡಿಯತೊಡಗಿದರೆ, ‘ವಯಸ್ಸಾಯಿತಲ್ಲ’ ಎಂದು ನಾವು ಸುಮ್ಮನಾಗುತ್ತೇವೆ. ಹೀಗೆ ವಯಸ್ಸಿನ ತಲೆಗೆ ಕಟ್ಟುವ ತಪ್ಪಿನಲ್ಲಿ ದೊಡ್ಡ ಪಾಲು ಕೂತುಬಿಟ್ಟದ್ದರದು. ಅಮೆರಿಕದ ಡಲ್ಲಾಸ್‌ನಲ್ಲಿ 1966ರಲ್ಲಿ ಇಪ್ಪತ್ತರ ಹರೆಯದ ಐವರು ಆರೋಗ್ಯವಂತರನ್ನು ಮೂರು ವಾರ ಹಾಸಿಗೆಯಿಂದ ಏಳಗೊಡದೆ ಮಲಗಿಸಿದರು. ದಣಿಯುವಷ್ಟು ದುಡಿಯುವಾಗ ಮೈ ಆಮ್ಲಜನಕವನ್ನು ಬಳಸಿಕೊಳ್ಳುವ ಸಾಮರ್ಥ್ಯ ಕಾಲು ಭಾಗಕ್ಕೂ ಹೆಚ್ಚು ಕುಸಿಯಿತು. ಮೂವತ್ತು ವರ್ಷ ಕಳೆದು ಅದೇ ಐವರನ್ನು ಮತ್ತೆ ಪರೀಕ್ಷಿಸಿದರು. ಮೈಯ ಕೊಬ್ಬು ಇಮ್ಮಡಿಯಾಗಿತ್ತು. ಆದರೂ ಮೂವತ್ತು ವರ್ಷದ ವಯಸ್ಸು ಕಸಿದದ್ದು ಆ ಮೂರು ವಾರದ ಮಲಗುವಿಕೆ ಕಸಿದದ್ದಕ್ಕಿಂತ ಕಡಿಮೆ! ಆರು ತಿಂಗಳ ನಡಿಗೆ, ಓಟ, ಸೈಕಲ್ಲಿನ ಅಭ್ಯಾಸದಿಂದ ಅದೂ ಮರಳಿತು.

ಐದೇ ಜನರ ಲೆಕ್ಕವನ್ನು ನಂಬುವುದು ಹೇಗೆ ಎಂದು ಕೇಳುವುದು ನ್ಯಾಯವೇ. 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 70ರಿಂದ 89 ವರ್ಷದ 1,635 ಮಂದಿ ಇದ್ದರು. ನಡಿಗೆ ಮತ್ತು ಕಾಲಿನ ವ್ಯಾಯಾಮ ಮಾಡಿದವರಲ್ಲಿ 400 ಮೀಟರ್ ನಡೆಯಲಾರದ ಸ್ಥಿತಿಗೆ ಬೀಳುವ ಸಂಭವ ಶೇಕಡ 18ರಷ್ಟು ತಗ್ಗಿತು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ನಮ್ಮ ಗದ್ದೆಗಳಿಂದಲೇ ಬರುತ್ತದೆ: ಜೀವಮಾನವೆಲ್ಲ ಬಗ್ಗಿ ನಾಟಿ ಮಾಡಿದ ಹೆಂಗಸರಿಗೇ ಮಂಡಿನೋವು, ಸೊಂಟನೋವು ಏಕೆ? ಏಕೆಂದರೆ ದುಡಿಮೆಯೆಲ್ಲ ವ್ಯಾಯಾಮವಲ್ಲ. ಅದೇ ಕೀಲು, ಅದೇ ಬಾಗು, ಗಂಟೆಗಟ್ಟಲೆ. ಬಿಡುವೂ ಇಲ್ಲ, ದುಡಿತಕ್ಕೆ ತಕ್ಕ ಊಟವೂ ಇಲ್ಲ. ಅವರ ನೋವಿಗೆ ಬೇಕಾದದ್ದು ಕೆಲಸದ ರೀತಿಯ ಸುಧಾರಣೆ. ಇನ್ನು ಹರೆಯದಲ್ಲಿ ಗಳಿಸಿದ ಕಸುವು ಮುಪ್ಪಿಗೆ ಉಳಿಯುವುದೇ ಎಂದರೆ, ಎಲುಬಿನ ಮಾತು ಬೇರೆ. ಅದು ಮೂವತ್ತರೊಳಗೆ ಎಷ್ಟು ಗಟ್ಟಿಯಾಯಿತೋ ಅದೇ ಮುಂದಿನ ಬಂಡವಾಳ, ಹಾಗಾಗಿ ಹುಡುಗಿಯರನ್ನು ಆಟದ ಬಯಲಿನಿಂದ ಬೇಗನೆ ಒಳಗೆ ಕರೆಯುವುದು ಅನ್ಯಾಯ. ಸ್ನಾಯುವಿಗೆ ಮಾತ್ರ ಇಂಥ ಠೇವಣಿಯಿಲ್ಲ.

ನಮ್ಮ ಮನೆಗಳಲ್ಲಿ ಹಿರಿಯರನ್ನು ಕೂರಿಸುವುದು ಪ್ರೀತಿಯೇ. ‘ನೀವು ಏಳಬೇಡಿ, ನಾನು ತರ್ತೀನಿ’ ಎನ್ನುವ ಸೊಸೆಯ ಮಾತಿನಲ್ಲಿ ಮರ್ಯಾದೆಯಿದೆ. ಆದರೆ ನೀರಿನ ಲೋಟಕ್ಕಾಗಿ ಏಳುವ ಒಂದೊಂದು ಸಲವೂ ತೊಡೆಯ ಸ್ನಾಯುವಿಗೆ ಕೆಲಸ. ಬಿದ್ದಾರೆಂಬ ಹೆದರಿಕೆ ಸುಳ್ಳಲ್ಲ; ಅದಕ್ಕೆ ಬಚ್ಚಲಲ್ಲಿ ಹಿಡಿಕೆ, ಅಂಗಳದಲ್ಲಿ ಜೊತೆ ಬೇಕು. ಬಾಸ್ಟನ್‌ನ ಆರೈಕೆ ಕೇಂದ್ರವೊಂದರಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದ ಪ್ರಯೋಗದ ವರದಿ 1990ರಲ್ಲಿ ಬಂತು. ಪ್ರಯೋಗ ಪೂರೈಸಿದವರ ಕಾಲಿನ ಬಲ ಸರಾಸರಿ ಎರಡೂವರೆ ಪಟ್ಟು ಮೀರಿತು. ಅಭ್ಯಾಸ ನಿಲ್ಲಿಸಿದ ನಾಲ್ಕೇ ವಾರಕ್ಕೆ ಆ ಬಲದ ಮೂರರಲ್ಲೊಂದು ಪಾಲು ಹೊರಟುಹೋಯಿತು.