ಹದ ಬಲ್ಲ ಕಣ್ಣು, ಲೆಕ್ಕ ಹೇಳುವ ಹಲಗೆ

ಮಳೆಗಾಲದಲ್ಲಿ ಮಂಡ್ಯ ಸೀಮೆಯ ಯಾವ ರೈತರನ್ನಾದರೂ ಮಾತನಾಡಿಸಿ ನೋಡಿ. ‘ಕಟ್ಟೆ ಎಷ್ಟಕ್ಕೆ ಬಂತು?’ ಎಂಬ ಪ್ರಶ್ನೆ ಕುಶಲ ಸಮಾಚಾರಕ್ಕಿಂತ ಮೊದಲೇ ಬರುತ್ತದೆ. 1911ರಲ್ಲಿ ಕನ್ನಂಬಾಡಿಯ ಬಳಿ ಕಟ್ಟಲು ಆರಂಭಿಸಿದ ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ ಎಂಬುದು ಇಲ್ಲಿ ಶಾಲೆಯ ಮೆಟ್ಟಿಲು ಹತ್ತದವರಿಗೂ ಬಾಯಿಪಾಠ. ಭತ್ತ ನಾಟಿ ಮಾಡುವುದೋ, ರಾಗಿಗೆ ತೃಪ್ತಿಪಡುವುದೋ ಎಂಬುದನ್ನು ಆ ಒಂದು ಅಂಕಿ ತೀರ್ಮಾನಿಸುತ್ತದೆ. ಅಂಕಿಯನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಇಡಬೇಕು, ಅದನ್ನು ಓದಿ ನಡೆದುಕೊಳ್ಳುವಂತೆ ಜನರನ್ನು ತಯಾರು ಮಾಡಬೇಕು ಎಂದು ಇಂದು ದೊಡ್ಡ ದೊಡ್ಡ ಕಾರ್ಖಾನೆಗಳಲ್ಲಿ ಪಾಠ ಹೇಳುತ್ತಾರೆ. ಆ ಪಾಠವನ್ನು ಈ ಸೀಮೆಯ ನಾಲ್ಕು ತಾಲ್ಲೂಕುಗಳಲ್ಲಿ ಅಡ್ಡಾಡಿಯೇ ಕಲಿಯಬಹುದು.

ಶ್ರೀರಂಗಪಟ್ಟಣಕ್ಕೆ ಬಂದವರು ಗುಂಬಜ್, ದರಿಯಾ ದೌಲತ್ ನೋಡಿ, ರಂಗನಾಥನಿಗೆ ಕೈಮುಗಿದು ಹೊರಡುತ್ತಾರೆ. ಹೈದರ್ ಮತ್ತು ಟಿಪ್ಪುವಿನ ಕಾಲದ ರಾಕೆಟ್ಟಿನ ಕತೆಯನ್ನೂ ಕೇಳಿರುತ್ತಾರೆ. ಕಾಗದದ ಬದಲು ಕಬ್ಬಿಣದ ಕೊಳವೆ ಬಳಸಿದ್ದರಿಂದ ಅದು ಹೆಚ್ಚಿನ ಒತ್ತಡ ತಡೆದು ದೂರ ಹಾರುತ್ತಿತ್ತು. ಆದರೆ ಕೊಳವೆಯಷ್ಟೇ ಮುಖ್ಯವಾದದ್ದು ಹಾರಿಸುವವನ ತರಬೇತಿ. ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರಲ್ಲಿ ಬರೆದ ಅಧ್ಯಯನದ ಪ್ರಕಾರ, ಕೊಳವೆಯ ವ್ಯಾಸ ಮತ್ತು ಗುರಿಯ ದೂರ ನೋಡಿ ಯಾವ ಕೋನದಲ್ಲಿ ಹಾರಿಸಬೇಕೆಂದು ಲೆಕ್ಕ ಹಾಕುವುದನ್ನು ಸೈನಿಕರಿಗೆ ಕಲಿಸಲಾಗುತ್ತಿತ್ತು. ಶಾಲೆಯಲ್ಲಿ ಕೋನಮಾಪಕ ಹಿಡಿದು ಬೇಸರಪಡುವ ಹುಡುಗರಿಗೆ ಇದನ್ನು ಹೇಳಬೇಕು.

ಅಲ್ಲಿಂದ ಪಾಂಡವಪುರ ಹತ್ತಿರವೇ. ಕಬ್ಬಿನ ಗಾಡಿ, ಟ್ರ್ಯಾಕ್ಟರುಗಳ ಸಾಲು ಕಂಡರೆ ಹಂಗಾಮು ನಡೆಯುತ್ತಿದೆ ಎಂದರ್ಥ. ಇಲ್ಲಿಯ ಸಹಕಾರಿ ಸಕ್ಕರೆ ಕಾರ್ಖಾನೆ ಕೆಲವು ವರ್ಷ ನಿಂತುಹೋಗಿ, 2020ರಲ್ಲಿ ಗುತ್ತಿಗೆಯ ಮೇಲೆ ಮತ್ತೆ ಆರಂಭವಾಯಿತು. ನಿಂತ ಯಂತ್ರಕ್ಕೆ ಎಣ್ಣೆ ಹಾಕಿ ಓಡಿಸಬಹುದು. ಚದುರಿಹೋದ ಕೆಲಸಗಾರರ ಕೈಚಳಕವನ್ನು ಮತ್ತೆ ಕೂಡಿಸುವುದು ಅಷ್ಟು ಸುಲಭವಲ್ಲ.

ಉದಾಹರಣೆಗೆ ಸಕ್ಕರೆ ಕಾರ್ಖಾನೆಯ ಪ್ಯಾನ್‌ಮನ್. ಕಬ್ಬಿನ ರಸವನ್ನು ಶುದ್ಧಮಾಡಿ, ಗಟ್ಟಿಗೊಳಿಸಿ, ಗಾಳಿಯ ಒತ್ತಡ ಕಡಿಮೆ ಮಾಡಿದ ಪಾತ್ರೆಯಲ್ಲಿ ಕುದಿಸುತ್ತಾರೆ. ಒತ್ತಡ ಕಡಿಮೆಯಾದರೆ ಕಡಿಮೆ ಶಾಖದಲ್ಲೇ ಕುದಿಯುತ್ತದೆ, ಸಕ್ಕರೆ ಕಂದುವುದಿಲ್ಲ. ಪ್ಯಾನ್‌ಮನ್ ಆಗಾಗ ಒಂದಿಷ್ಟು ಪಾಕವನ್ನು ಹೊರತೆಗೆದು, ಗಾಜಿನ ಚೂರಿನ ಮೇಲೆ ಹಚ್ಚಿ ಬೆಳಕಿಗೆ ಹಿಡಿಯುತ್ತಾನೆ. ಹರಳು ಒಂದೇ ಗಾತ್ರವಿದೆಯೇ, ಮಧ್ಯೆ ಬೇಡದ ಸಣ್ಣ ಹರಳು ಹುಟ್ಟಿದೆಯೇ ಎಂಬುದು ಅವನ ಕಣ್ಣಿಗೆ ತಿಳಿಯುತ್ತದೆ. ಪಕ್ಕದ ಹಳ್ಳಿಯ ಆಲೆಮನೆಯಲ್ಲಿ ಬೆಲ್ಲ ಬೇಯಿಸುವವನು ಪಾಕದ ಹನಿಯನ್ನು ನೀರಿಗೆ ಬಿಟ್ಟು ಬೆರಳಲ್ಲಿ ಉಂಡೆಮಾಡಿ ಹದ ನೋಡುವುದೂ ಇದೇ ವಿದ್ಯೆ.

ಕಣ್ಣಿನ ಹದಕ್ಕೆ ಅಂಕಿಯ ಜೊತೆ ಬೇಕು. ದಿನಕ್ಕೆ 3,000 ಟನ್ ಕಬ್ಬು ಅರೆಯುವ ಕಾರ್ಖಾನೆಯಲ್ಲಿ ಸಕ್ಕರೆ ಇಳುವರಿ ಶೇ. 9ರಿಂದ 8.5ಕ್ಕೆ ಇಳಿದರೆ ದಿನಕ್ಕೆ 15 ಟನ್, ಅಂದರೆ 50 ಕಿಲೊದ 300 ಮೂಟೆ ನಷ್ಟ. ಕಡಿದ ಕಬ್ಬು ಬಿಸಿಲಲ್ಲಿ ಕಾದು ನಿಂತಿತೇ? ರಸ ಹಿಂಡಿದ ಸಿಪ್ಪೆಯಲ್ಲಿ ಸಿಹಿ ಉಳಿಯಿತೇ? ಅರೆದ ಕಬ್ಬು, ಇಳುವರಿ, ಯಂತ್ರ ನಿಂತ ಗಂಟೆಗಳನ್ನು ಹಲಗೆಯ ಮೇಲೆ ಬರೆದಿಟ್ಟರೆ ಪಾಳಿ ಬದಲಾಗುವಾಗಲೇ ಈ ಪ್ರಶ್ನೆಗಳು ಏಳುತ್ತವೆ. ಕಚೇರಿಯ ಕಡತದಲ್ಲಿ ಬರೆದರೆ ಹಂಗಾಮು ಮುಗಿದ ಮೇಲೆ ಏಳುತ್ತವೆ, ಆಗ ಉತ್ತರ ಸಿಕ್ಕಿದರೂ ಕಬ್ಬಿರುವುದಿಲ್ಲ.

ಗೇಟಿನ ಹೊರಗೆ ಕಾಯುವ ರೈತನಿಗೂ ಆ ಅಂಕಿ ಬೇಕು. ಕೇಂದ್ರ ಸರ್ಕಾರ 2022–23ರ ಹಂಗಾಮಿಗೆ ಶೇ. 10.25 ಇಳುವರಿಯ ಕಬ್ಬಿಗೆ ಕ್ವಿಂಟಲಿಗೆ 305 ರೂ. ಕನಿಷ್ಠ ದರ ನಿಗದಿಮಾಡಿತ್ತು. ಅದಕ್ಕಿಂತ ಮೇಲಿನ ಪ್ರತಿ ಶೇ. 0.1ಕ್ಕೂ 3 ರೂ. 5 ಪೈಸೆ ಹೆಚ್ಚು. ಟನ್ನಿಗೆ ಮೂವತ್ತು ರೂಪಾಯಿ ಐವತ್ತು ಪೈಸೆ! ಇಳುವರಿಯನ್ನು ಅಳೆಯುವುದು ಕಾರ್ಖಾನೆಯ ಪ್ರಯೋಗಾಲಯ, ಬೆಳೆದವನಿಗೆ ಅದು ಕಾಣುವುದಿಲ್ಲ. ತೂಕದ ಬಗ್ಗೆ, ಇಳುವರಿಯ ಬಗ್ಗೆ ಕಬ್ಬು ಬೆಳೆಗಾರರ ಅನುಮಾನ ಹುಟ್ಟುವುದು ಇಲ್ಲೇ.

ಬೆಂಗಳೂರಿನಿಂದ ಇತ್ತ ಬರುವ ದಾರಿಯಲ್ಲಿ ಸಿಗುವ ಬಿಡದಿಯಲ್ಲಿ ಟೊಯೊಟಾ ಕಾರಿನ ಕಾರ್ಖಾನೆಯಿದೆ. ತಪ್ಪು ಕಂಡ ಕೆಲಸಗಾರ ಹಗ್ಗ ಎಳೆದರೆ ತಲೆಯ ಮೇಲಿನ ಹಲಗೆಯಲ್ಲಿ ದೀಪ ಹತ್ತುವ ‘ಆಂಡಾನ್’ ಪದ್ಧತಿ ಆ ಕಂಪನಿಯ ಹೆಸರಿನೊಂದಿಗೇ ಬೆಳೆದದ್ದು. ಎಸ್ಸೆಸ್ಸೆಲ್ಸಿ ಮುಗಿಸಿದ ಹಳ್ಳಿಯ ಮಕ್ಕಳಿಗೆ ಮೂರು ವರ್ಷ ಕಲಿಸುವ ತರಬೇತಿ ಸಂಸ್ಥೆಯನ್ನೂ ಅಲ್ಲಿ 2007ರಲ್ಲಿ ತೆರೆದರು. ಸಕ್ಕರೆಯ ವಿದ್ಯೆಗೆ ಬೆಳಗಾವಿಯಲ್ಲಿ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆಯಿದೆ, ಕಾನ್ಪುರದಲ್ಲಿ 1936ರಷ್ಟು ಹಳೆಯದಾದ ರಾಷ್ಟ್ರೀಯ ಸಂಸ್ಥೆಯಿದೆ. ಎಂಜಿನಿಯರಿಂಗ್, ಡಾಕ್ಟರಿಕೆ ಬಿಟ್ಟರೆ ಬೇರೆ ಓದೇ ಇಲ್ಲವೆಂದು ಕೊರಗುವ ತಂದೆತಾಯಿಗಳು ಕೆ.ಆರ್. ಪೇಟೆ ತಾಲ್ಲೂಕಿನ ಮಾಕವಳ್ಳಿಯ ಸಕ್ಕರೆ ಕಾರ್ಖಾನೆಯ ಮುಂದೆ ಹಾದುಹೋಗುವಾಗ ಇದನ್ನೊಮ್ಮೆ ನೆನೆಯಬಹುದು.

ನಾಗಮಂಗಲದಲ್ಲಿ ಸೌಮ್ಯಕೇಶವನ ಗುಡಿ ನೋಡುವವರು ಆ ಊರು ಹಿತ್ತಾಳೆ, ಕಂಚಿನ ಕೆಲಸಕ್ಕೂ ಹೆಸರಾಗಿತ್ತೆಂಬುದನ್ನು ಮರೆಯಬಾರದು. ಮೇಣದ ಬೊಂಬೆ ಮಾಡಿ, ಮಣ್ಣು ಮೆತ್ತಿ, ಕಾಯಿಸಿ ಮೇಣವನ್ನು ಹರಿಸಿ, ಆ ಟೊಳ್ಳಿಗೆ ಕರಗಿದ ಲೋಹ ಹುಯ್ಯುವುದು ಎರಕದ ಹಳೆಯ ಕ್ರಮ. ಎಷ್ಟು ಲೋಹ ಕರಗಿಸಬೇಕೆಂದು ತಿಳಿಯಲು ಮೊದಲೇ ಮೇಣವನ್ನು ತೂಗಿಡುತ್ತಾರೆ. ಒಂದೇ ಗಾತ್ರದ ಮೇಣಕ್ಕಿಂತ ಹಿತ್ತಾಳೆ ಸುಮಾರು ಒಂಬತ್ತು ಪಟ್ಟು ಭಾರ, ಸಾಂದ್ರತೆಯ ಪಾಠ ಓದಿದ ಮಕ್ಕಳು ಪುಸ್ತಕ ತೆರೆದು ತಾಳೆ ನೋಡಬಹುದು. ಒಂದು ಕಿಲೊ ಮೇಣದ ಬೊಂಬೆಗೆ ಒಂಬತ್ತು ಕಿಲೊ, ಹುಯ್ಯುವ ಕಾಲುವೆಯಲ್ಲಿ ಉಳಿಯುವುದಕ್ಕೆ ಇನ್ನಷ್ಟು. ತಕ್ಕಡಿ ಇಷ್ಟನ್ನು ಹೇಳುತ್ತದೆ. ಲೋಹ ಹುಯ್ಯಲು ಬಂದಿದೆಯೇ ಎಂಬುದನ್ನು ಕುಲುಮೆಯ ಬಣ್ಣ ನೋಡಿ ಹೇಳುವುದು ಮಾತ್ರ ತಿದಿಯ ಪಕ್ಕದಲ್ಲಿ ಬೆವರುತ್ತ ವರ್ಷಗಟ್ಟಲೆ ನಿಂತ ಹುಡುಗನಿಗೇ ಬರುತ್ತದೆ.